ತೂಕ, ಲಾಭ, ಸರಕು: ಬೆಳಗೊಳದಿಂದ ಕೊಣನೂರಿನವರೆಗೆ

ವ್ಯಾಪಾರವನ್ನು ಧರ್ಮದ ಕಣ್ಣಿನಿಂದ ನೋಡಿದವರು ಕೇಳಿರುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಮಾರುವಾಗ ತೂಕ ಸರಿಯಿತ್ತೆ? ಬಂದ ಲಾಭ ಎಲ್ಲಿಗೆ ಹೋಯಿತು? ಮಾರಿದ ಸರಕಿನಿಂದ ಕೊಂಡವನಿಗೆ ಒಳಿತಾಯಿತೆ? ಮೊದಲನೆಯದು ತಕ್ಕಡಿಗೆ ಸಂಬಂಧಿಸಿದ್ದು, ಎರಡನೆಯದು ಗಲ್ಲಾಪೆಟ್ಟಿಗೆಗೆ, ಮೂರನೆಯದು ಸರಕಿಗೆ. ಹಾಸನ ಜಿಲ್ಲೆಯಲ್ಲಿ ಶ್ರವಣಬೆಳಗೊಳದಿಂದ ಹೊರಟು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳನ್ನು ಹಾದು ಕಾವೇರಿ ದಡದ ಕೊಣನೂರು, ರಾಮನಾಥಪುರಗಳನ್ನು ಸೇರುವ ದಾರಿ ಒಂದೇ ದಿನದಲ್ಲಿ ಮುಗಿಯುವಂಥದ್ದು. ಸಾವಿರ ವರ್ಷಗಳಲ್ಲಿ ಈ ಮೂರು ಪ್ರಶ್ನೆಗಳಿಗೆ ಜನ ಕೊಟ್ಟುಕೊಂಡ ಉತ್ತರಗಳು ಅದೇ ದಾರಿಯಲ್ಲಿ ಸಾಲಾಗಿ ಸಿಗುತ್ತವೆ. ಕೆಲವು ಕಲ್ಲಿನ ಮೇಲಿವೆ, ಕೆಲವು ಸಂತೆಯ ರೂಢಿಯಲ್ಲಿವೆ, ಕೆಲವು ಹರಾಜುಕಟ್ಟೆಯಲ್ಲಿ ಇನ್ನೂ ತೀರ್ಮಾನವಾಗದೆ ಉಳಿದಿವೆ.

ಶ್ರವಣಬೆಳಗೊಳ

ಬೆಳಗೊಳದ ದೊಡ್ಡಬೆಟ್ಟದ ಮೇಲಿನ 58 ಅಡಿಯ ಗೊಮ್ಮಟನನ್ನು ಮಾಡಿಸಿದವನು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ. ಪ್ರತಿಷ್ಠೆಯ ವರ್ಷ 981 ಎಂಬುದು ರೂಢಿಯ ಲೆಕ್ಕ. 978ರಲ್ಲಿ ಕನ್ನಡ ಗದ್ಯದಲ್ಲಿ ಚಾವುಂಡರಾಯ ಪುರಾಣವನ್ನು ಬರೆದ ಇವನ ಹೆಸರಿನಲ್ಲಿ ಸಂಸ್ಕೃತದ ಚಾರಿತ್ರಸಾರವೂ ಇದೆ. ಶ್ರಾವಕನೂ ಮುನಿಯೂ ಹೇಗೆ ನಡೆಯಬೇಕೆಂದು ಹೇಳುವ ಗ್ರಂಥ ಅದು. ಮುನಿಗೆ ಮಹಾವ್ರತ, ಸಂಸಾರಿಗೆ ಅಣುವ್ರತ ಎಂಬುದು ಜೈನರ ವಿಂಗಡಣೆ. ವ್ರತಗಳು ಇಬ್ಬರಿಗೂ ಅವೇ ಐದು: ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಸಂಸಾರಿಯ ಪಾಲಿಗೆ ಅವುಗಳಿಗೊಂದು ಅಳತೆ ಇದೆ, ಅಷ್ಟೆ.

ಕದಿಯಬಾರದು ಎಂಬ ವ್ರತವನ್ನು ಜೈನ ಆಚಾರ್ಯರು ಅಂಗಡಿಯ ಬಾಗಿಲವರೆಗೆ ಒಯ್ದ ಬಗೆ ಗಮನಿಸುವಂಥದ್ದು. ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತ ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಲೆ ಹಚ್ಚುವ ತಪ್ಪುಗಳನ್ನು ಪಟ್ಟಿ ಮಾಡುತ್ತದೆ. ಕಳ್ಳನಿಗೆ ದಾರಿ ತೋರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ಸರಕು ಸಾಗಿಸುವುದು, ಕೊಳ್ಳುವಾಗೊಂದು ಮಾರುವಾಗೊಂದು ಅಳತೆ ಇಟ್ಟುಕೊಳ್ಳುವುದು, ಒಳ್ಳೆಯ ಸರಕಿನ ಹೆಸರಿನಲ್ಲಿ ಕೀಳು ಸರಕನ್ನು ಬೆರೆಸಿ ಕೊಡುವುದು. ಐದರಲ್ಲಿ ನಾಲ್ಕು ನೇರವಾಗಿ ವರ್ತಕನ ತಪ್ಪುಗಳು. ಗೋಡೆಗೆ ಕನ್ನ ಹಾಕಿದವನಷ್ಟೇ ಕಳ್ಳನಲ್ಲ. ಎರಡು ಬಗೆಯ ಕೊಳಗ ಇಟ್ಟುಕೊಂಡವನೂ ಅದೇ ವ್ರತಕ್ಕೆ ಕಲೆ ಹಚ್ಚಿದವನು. ಧ್ಯಾನ, ಮೋಕ್ಷಗಳ ಗ್ರಂಥವೊಂದು ಇಷ್ಟು ಕೆಳಗಿಳಿದು ತಕ್ಕಡಿಯ ತಟ್ಟೆಯನ್ನು ಪರೀಕ್ಷಿಸುವುದಕ್ಕೆ ಕಾರಣವೂ ಇದೆ. ಬೇಸಾಯದಲ್ಲಿ ನೆಲದ ಜೀವಿಗಳಿಗೆ ಹಿಂಸೆಯಾಗುತ್ತದೆಂಬ ಅಳುಕಿನಿಂದ ಬಹಳಷ್ಟು ಜೈನ ಕುಟುಂಬಗಳು ವ್ಯಾಪಾರಕ್ಕೆ ಇಳಿದಿದ್ದವು. ಹಿಂಸೆಯಿಂದ ತಪ್ಪಿಸಿಕೊಂಡು ವಂಚನೆಗೆ ಬಿದ್ದರೆ ವ್ರತಕ್ಕೆ ಅರ್ಥವಿರುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಪರಿಗ್ರಹ ಪರಿಮಾಣ ವ್ರತದಲ್ಲಿದೆ. ಹೊಲ, ಮನೆ, ಚಿನ್ನ, ಬೆಳ್ಳಿ, ದನ, ಧಾನ್ಯ ಎಷ್ಟಿದ್ದರೆ ಸಾಕು ಎಂಬುದನ್ನು ಸಂಸಾರಿ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಅದನ್ನು ಮೀರಿ ಬಂದದ್ದು ದಾನಕ್ಕೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಈ ವ್ರತ ಗಳಿಸುವುದನ್ನು ಬೇಡವೆನ್ನುವುದಿಲ್ಲ. ಮಿತಿಯನ್ನು ಗಳಿಕೆಗೆ ಮುಂಚೆ ಗೊತ್ತುಮಾಡು ಎನ್ನುತ್ತದೆ. ಹಣ ಕೈಗೆ ಬಂದಮೇಲೆ ಮಿತಿ ಹಾಕಿಕೊಳ್ಳುವವರು ಕಡಿಮೆ ಎಂಬ ಲೋಕಾನುಭವ ಇದರ ಹಿಂದೆ ಇದೆ.

ಈ ಮಾತುಗಳು ಗ್ರಂಥದಲ್ಲೇ ಉಳಿದವೆ, ಅಥವಾ ಊರಿಗೂ ಇಳಿದವೆ ಎಂಬುದಕ್ಕೆ ಬೆಳಗೊಳದ ಶಾಸನಗಳೇ ಸಾಕ್ಷಿ. ಬಿ. ಎಲ್. ರೈಸ್ 1889ರಲ್ಲಿ ಇಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಆ ಸಂಖ್ಯೆ 500ಕ್ಕೆ, 1973ರ ಪರಿಷ್ಕೃತ ಸಂಪುಟದಲ್ಲಿ 573ಕ್ಕೆ ಏರಿತು. ಅರಸರ, ಮುನಿಗಳ ಹೆಸರುಗಳ ನಡುವೆ ಸೆಟ್ಟಿಗಳ, ಮಾಣಿಕ್ಯ ನಖರರ, ಹೂವಾಡಿಗರ ಹೆಸರುಗಳೂ ಅಲ್ಲಿ ಸಾಕಷ್ಟಿವೆ. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಪಟ್ಟಣಸ್ವಾಮಿ ನಾಗದೇವ ಕಟ್ಟಿಸಿದ ನಗರ ಜಿನಾಲಯದ ಆಡಳಿತವೇ ಊರಿನ ವರ್ತಕರ ಕೈಯಲ್ಲಿತ್ತು. ಆ ಬಸದಿಯ ಶಾಸನ ಅವರನ್ನು ಹೊಗಳುವಾಗ ಸತ್ಯ, ಶೌಚಗಳನ್ನೂ ಬಂದರುಗಳೊಂದಿಗೆ ವ್ಯಾಪಾರ ನಡೆಸುವ ಜಾಣ್ಮೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದೇ ವರ್ತಕ ಸಮೂಹ ತಮ್ಮ ಆದಾಯದಲ್ಲಿ ಗೊತ್ತಾದ ಪಾಲನ್ನು ಜಿನಾಲಯದ ಜೀರ್ಣೋದ್ಧಾರಕ್ಕೆ ಕೊಡಲು ಒಡಂಬಟ್ಟು, ಆದಾಯ ಮುಚ್ಚಿಟ್ಟವನು ದೇವರಿಗೂ ಅರಸನಿಗೂ ಸಮಯಕ್ಕೂ (ಮತಕ್ಕೂ) ದ್ರೋಹಿ ಎಂದು ಕಲ್ಲಿನಲ್ಲಿ ಕೊರೆಸಿತು. ದತ್ತಿಗಳ ರೀತಿಯೂ ವರ್ತಕರ ಬುದ್ಧಿಗೆ ತಕ್ಕಂತಿದೆ. ಗೊಮ್ಮಟನ ನಿತ್ಯದ ಹಾಲಿನ ಅಭಿಷೇಕಕ್ಕೆ ಹೊನ್ನು ಕೊಟ್ಟವರು ಅಸಲನ್ನು ಮುಟ್ಟದೆ ಬಡ್ಡಿಯಿಂದಲೇ ಹಾಲು ಒದಗಿಸುವಂತೆ ಕಟ್ಟು ಮಾಡಿದ್ದಾರೆ. ಭಕ್ತಿ ಒಂದು ದಿನದ ಉಮೇದಿನಲ್ಲಿ ಮುಗಿದುಹೋಗದೆ ವರ್ಷಗಟ್ಟಲೆ ನಡೆಯಲೆಂದು ಬಡ್ಡಿಯ ಲೆಕ್ಕವನ್ನು ಭಕ್ತಿಯ ಸೇವೆಗೆ ಹಚ್ಚಿದ ಕ್ರಮ ಇದು.

1368ರ ಬುಕ್ಕರಾಯನ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತದ್ದು ಪಠ್ಯಪುಸ್ತಕಗಳಲ್ಲಿ ಬಂದಿರುವ ಕಥೆ. ಅದರ ಹಣಕಾಸಿನ ಭಾಗಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಜೈನರ ಪ್ರತಿ ಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ಅದರಿಂದ ಗೊಮ್ಮಟದೇವರಿಗೆ 20 ಮಂದಿ ಅಂಗರಕ್ಷಕರನ್ನು ನೇಮಿಸಬೇಕು. ಮಿಕ್ಕದ್ದನ್ನು ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಲು ಬಳಸಬೇಕು. ಹಣ ಎತ್ತಿ ಖರ್ಚು ಮಾಡುವ ಹೊಣೆ ತಿರುಮಲೆಯ ತಾತಯ್ಯ ಎಂಬ ವೈಷ್ಣವನದು. ಜೈನರ ಹಣಕ್ಕೆ ಎದುರು ಪಕ್ಷದವನೇ ಲೆಕ್ಕಿಗ! ನಂಬಿಕೆ ಬೇರೆಯಾದವನ ಕೈಗೆ ಹಣ ಕೊಟ್ಟು ಲೆಕ್ಕ ಕೇಳುವ ಈ ಏರ್ಪಾಡು ಇಂದಿನ ಲೆಕ್ಕಪರಿಶೋಧನೆಯ ಮೂಲತತ್ತ್ವಕ್ಕೆ ಹತ್ತಿರದ್ದು. ಬುಕ್ಕರಾಯನಿಗೆ ಬಿನ್ನಹ ಮಾಡಿ ಈ ವ್ಯವಸ್ಥೆಯನ್ನು ಊರ್ಜಿತಗೊಳಿಸಿದವನು ಕಲ್ಲೆಹದ ಬುಸುವಿಸೆಟ್ಟಿ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನ ಪಟ್ಟ ಕಟ್ಟಿದರು.

1634ರ ಪ್ರಸಂಗ ಸಾಲ ಕೊಟ್ಟವರದು. ಬೆಳಗೊಳದ ದೇವರ ಭೂಮಿಗಳನ್ನು ಸ್ಥಾನಿಕರು ವರ್ತಕ ಗೃಹಸ್ಥರಲ್ಲಿ ಅಡವಿಟ್ಟಿದ್ದರು. ಅಡವು ಬಿಡಿಸದೆ ಕಾಲ ಕಳೆದು ಪೂಜೆಗೆ ಅಡಚಣೆಯಾಗಿತ್ತು. ಮೈಸೂರಿನ ಚಾಮರಾಜ ಒಡೆಯರು ಅಡವು ಹಿಡಿದವರನ್ನು ಕರೆಸಿ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆ ಗೃಹಸ್ಥರು ಹಣ ತೆಗೆದುಕೊಳ್ಳಲು ಒಪ್ಪದೆ, ತಂದೆತಾಯಿಗಳಿಗೆ ಪುಣ್ಯವಾಗಲೆಂದು ಗೊಮ್ಮಟಸ್ವಾಮಿಯ ಮತ್ತು ಗುರುಗಳ ಸಮ್ಮುಖದಲ್ಲಿ ಅಡವಿನ ಪತ್ರಗಳನ್ನು ಬಿಟ್ಟುಕೊಟ್ಟರು. ಅರಸರು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ದೇವರ ಆಸ್ತಿಯನ್ನು ಅಡವಿಡುವ ಸ್ಥಾನಿಕನೂ ಅದನ್ನು ಅಡವು ಹಿಡಿಯುವ ವರ್ತಕನೂ ಸಮಾನವಾಗಿ ತಪ್ಪಿತಸ್ಥರೆಂದು ಶಾಸನ ಹಾಕಿಸಿದರು. ವರ್ತಕರ ಔದಾರ್ಯ ದೊಡ್ಡದು. ಆದರೆ ಪ್ರತಿ ಸಲವೂ ಯಾರೋ ಔದಾರ್ಯ ತೋರಿಸುವರೆಂದು ಕಾಯುವ ಸ್ಥಿತಿ ಬಾರದಂತೆ ಕಟ್ಟಳೆ ಬೇಕು ಎಂಬುದೂ ಆ ಕಲ್ಲಿನ ಮಾತೇ.

ಬೆಟ್ಟದ ಮೇಲೆ ಗೊಮ್ಮಟನಿಗೆ ಎದುರಾಗಿ ಗುಳ್ಳಕಾಯಜ್ಜಿಯ ವಿಗ್ರಹವಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಮೂರ್ತಿ ಪೂರ್ತಿ ನೆನೆಯಲಿಲ್ಲ, ಅಜ್ಜಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೂ ಇಳಿಯಿತು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದಲ್ಲಿ ಕಲಶಗಳನ್ನು ಭಕ್ತರು ಕಾಣಿಕೆ ಕೊಟ್ಟು ಪಡೆಯುತ್ತಾರೆ. ಮೊದಲ ಕಲಶಗಳಿಗೆ ದೊಡ್ಡ ಉದ್ಯಮಿಗಳ ನಡುವೆ ಪೈಪೋಟಿಯೂ ಉಂಟು. ಆ ಹಣ ಆಸ್ಪತ್ರೆ, ಶಾಲೆಗಳಿಗೆ ಒದಗುತ್ತದೆ. ಹೀಗಾಗಿ ಅದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವಂತಿಲ್ಲ. ಆದರೂ ಅದೇ ಅಂಗಳದಲ್ಲಿ ಅಜ್ಜಿಯನ್ನು ನಿಲ್ಲಿಸಿರುವುದರಿಂದ, ಕೊಟ್ಟ ಮೊತ್ತವೇ ಕೊಟ್ಟವನ ಯೋಗ್ಯತೆಯ ಅಳತೆಯಲ್ಲವೆಂಬ ತಿದ್ದುಪಡಿ ಕ್ಷೇತ್ರದೊಳಗೇ ಇದ್ದಂತಾಗಿದೆ.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ

ಬೆಳಗೊಳ ಬಿಟ್ಟು ಚನ್ನರಾಯಪಟ್ಟಣದ ಕಡೆಗೆ ನಡೆದರೆ ಎರಡೂ ಬದಿ ತೆಂಗಿನ ತೋಟ. ಇಲ್ಲಿನ ಮುಖ್ಯ ಸರಕು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆಯೊಂದಿಗೇ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಮೇಲೆ ಸುಲಿಯುತ್ತಾರೆ. ಉಂಡೆಯನ್ನು ಒಡೆಯದೆ ಒಳಗಿನ ಬೂಸ್ಟು, ಕೊಳೆ ತಿಳಿಯದು. ಚೀಲದ ಬಾಯಲ್ಲಿ ಒಳ್ಳೆಯ ಉಂಡೆ, ತಳದಲ್ಲಿ ಹುಳುಕು ಇಟ್ಟರೆ ಕೊಳ್ಳುವವನಿಗೆ ಗೊತ್ತಾಗುವುದು ಮಾಲು ಊರು ಬಿಟ್ಟಮೇಲೆ. ಹತ್ತಾರು ಶತಮಾನದ ಹಿಂದೆ ಹೇಳಿದ ಬೆರಕೆಯ ಅತಿಚಾರ ಇಂಥ ಕಡೆಯೇ ಪರೀಕ್ಷೆಗೆ ನಿಲ್ಲುವುದು. ಕಣ್ಣಿಗೆ ಕಾಣುವ ಸರಕಿನಲ್ಲಿ ಮೋಸ ಕಷ್ಟ; ಮಾರುವವನಿಗೆ ಮಾತ್ರ ಒಳಗು ಗೊತ್ತಿರುವ ಸರಕಿನಲ್ಲಿ ಅದು ಸಲೀಸು.

ಹೊಳೆನರಸೀಪುರ ಹೇಮಾವತಿಯ ದಡದ ಊರು. ಲಕ್ಷ್ಮೀನರಸಿಂಹ ದೇವಸ್ಥಾನದಷ್ಟೇ ಓದುಗರಿಗೆ ಪರಿಚಿತವಾದ ಇನ್ನೊಂದು ಸ್ಥಳ ಇಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ. ಮುಂದೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳೆಂದು ಹೆಸರಾದ ವೈ. ಸುಬ್ಬರಾಯರು (1880–1975) 1920ರಲ್ಲಿ ಇದನ್ನು ಆರಂಭಿಸಿದರು. 1937ರಲ್ಲಿ ಅದು ಹೊಳೆನರಸೀಪುರಕ್ಕೆ ಬಂತು. ಶಾಂಕರ ವೇದಾಂತದ ನೂರಾರು ಪುಸ್ತಕಗಳು ಇಲ್ಲಿಂದ ಕನ್ನಡದಲ್ಲೂ ಸಂಸ್ಕೃತದಲ್ಲೂ ಹೊರಬಂದಿವೆ. ಗೀತೆಯ ಭಾಷ್ಯವನ್ನು ಮೂಲದೊಂದಿಗೆ ಕನ್ನಡದಲ್ಲಿ ಓದಬಯಸುವವರು ಇಲ್ಲಿನ ಪ್ರಕಟಣೆಗಳನ್ನು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ.

ಕರ್ಮಯೋಗದ ಬೋಧೆಗೆ ಅಂಗಡಿಯಲ್ಲಿ ಏನು ಕೆಲಸ ಎಂಬ ಪ್ರಶ್ನೆಗೆ ಮಹಾಭಾರತವೇ ಎರಡು ಕಥೆಗಳಲ್ಲಿ ಉತ್ತರ ಕೊಡುತ್ತದೆ. ಶಾಂತಿಪರ್ವದ ಜಾಜಲಿ ಕಠೋರ ತಪಸ್ಸು ಮಾಡಿದವನು. ಅವನ ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿದ್ದವು. ಧರ್ಮ ತನಗೆ ಸಿದ್ಧಿಸಿತೆಂದು ಬೀಗಿದವನಿಗೆ ವಾರಾಣಸಿಯ ವರ್ತಕ ತುಲಾಧಾರನ ಬಳಿ ಕಲಿಯಬೇಕಾಗಿ ಬಂತು. ತುಲಾಧಾರ ತನ್ನ ವ್ಯಾಪಾರವನ್ನು ವಿವರಿಸುವಾಗ ಮೂರು ಸಂಗತಿ ಹೇಳುತ್ತಾನೆ: ತನ್ನ ತಕ್ಕಡಿ ಎಲ್ಲರಿಗೂ ಒಂದೇ, ಬೇರೆಯವರಿಂದ ಕೊಂಡದ್ದನ್ನು ಕಪಟವಿಲ್ಲದೆ ಮಾರುತ್ತೇನೆ, ನಾನಾ ರಸದ್ರವ್ಯಗಳನ್ನು ಮಾರಿದರೂ ಮದ್ಯವನ್ನು ಮಾರುವುದಿಲ್ಲ. ತೂಕ ಸರಿಯಿದ್ದರೆ ಸಾಕು ಎಂದು ಅವನು ಬಿಡುವುದಿಲ್ಲ, ಸರಕನ್ನೂ ಆರಿಸಿಕೊಳ್ಳುತ್ತಾನೆ. ವನಪರ್ವದ ಧರ್ಮವ್ಯಾಧ ಇದಕ್ಕೆ ಎದುರು ತುದಿಯವನು. ಮಿಥಿಲೆಯಲ್ಲಿ ಮಾಂಸದ ಅಂಗಡಿ ಇಟ್ಟುಕೊಂಡ ಅವನು ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಬೋಧಿಸುತ್ತಾನೆ. ತಾನು ಪ್ರಾಣಿಯನ್ನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ, ಇದು ಮನೆತನದಿಂದ ಬಂದ ಕೆಲಸ, ಇದನ್ನೇ ಸತ್ಯದಿಂದ, ತಂದೆತಾಯಿಯ ಸೇವೆ ಮಾಡುತ್ತ ನಡೆಸುತ್ತೇನೆ ಎನ್ನುತ್ತಾನೆ. ಆದರೂ ತನ್ನ ಕಸುಬು ಘೋರವೆಂಬುದನ್ನು ಅವನು ಮುಚ್ಚಿಡುವುದಿಲ್ಲ. ಸರಕನ್ನು ಆರಿಸಿಕೊಳ್ಳುವ ಅನುಕೂಲ ತುಲಾಧಾರನಿಗಿತ್ತು, ಧರ್ಮವ್ಯಾಧನಿಗಿರಲಿಲ್ಲ. ಕಾವೇರಿ ದಡಕ್ಕೆ ಹೋಗುವವರಿಗೆ ಈ ಇಬ್ಬರೂ ಬೇಕಾಗುತ್ತಾರೆ.

ಅರಕಲಗೂಡು

ಹೇಮಾವತಿಯನ್ನು ಬಿಟ್ಟು ಕಾವೇರಿಯ ಕಡೆಗೆ ಹೊರಳಿದರೆ ಅರಕಲಗೂಡು ಸೀಮೆ. ಕೆಂಪುಮಣ್ಣಿನ ಹೊಲಗಳಲ್ಲಿ ರಾಗಿ, ಆಲೂಗಡ್ಡೆ, ಜೋಳ, ಶುಂಠಿ, ಹೊಗೆಸೊಪ್ಪು. ಹಾಸನ ಸೀಮೆಯ ಆಲೂಗಡ್ಡೆಗೆ ಬಿತ್ತನೆ ಗೆಡ್ಡೆ ಬರುವುದು ಮುಖ್ಯವಾಗಿ ಪಂಜಾಬಿನ ಜಲಂಧರದಿಂದ. ಮುಂಗಾರಿಗೆ ಮುನ್ನ ಹಾಸನದ ಮಾರುಕಟ್ಟೆಯಲ್ಲಿ ಬಿತ್ತನೆ ಗೆಡ್ಡೆಯ ವಹಿವಾಟು ಜೋರು. ಬಿತ್ತನೆಗೆಂದೇ ಬೆಳೆದ ಗೆಡ್ಡೆಗೂ ಅಡುಗೆಯ ಗೆಡ್ಡೆಗೂ ನೋಡಲು ಹೆಚ್ಚು ವ್ಯತ್ಯಾಸವಿಲ್ಲ. ರೋಗ ಹೊತ್ತ ಗೆಡ್ಡೆ ಮೂಟೆಯಲ್ಲಿ ಸೇರಿದ್ದರೆ ಅದು ಗೊತ್ತಾಗುವುದು ಬಿತ್ತಿದ ಮೇಲೆ, ಜಿಟಿಜಿಟಿ ಮಳೆಯಲ್ಲಿ ಅಂಗಮಾರಿ ಹೊಲಕ್ಕೆ ಹೊಲವನ್ನೇ ಹಿಡಿದಾಗ. ಕೊಬ್ಬರಿಯಲ್ಲಿ ಆಗುವ ಮೋಸ ಒಂದು ಚೀಲದ ಬೆಲೆಗೆ ನಿಲ್ಲುತ್ತದೆ. ಬೀಜದಲ್ಲಿ ಆಗುವ ಮೋಸ ಒಂದು ಕುಟುಂಬದ ವರ್ಷವನ್ನು ತಿನ್ನುತ್ತದೆ. ಅಪರಾಧದ ಹೆಸರು ಎರಡಕ್ಕೂ ಒಂದೇ, ಭಾರ ಬೇರೆ. ದೃಢೀಕೃತ ಬೀಜ, ಚೀಲದ ಚೀಟಿ, ರಸೀದಿ ಇವೆಲ್ಲ ಹುಟ್ಟಿಕೊಂಡದ್ದು ಈ ಭಾರವನ್ನು ಮಾರುವವನ ಆತ್ಮಸಾಕ್ಷಿಯೊಂದರ ಮೇಲೆ ಬಿಡಲಾಗದು ಎಂಬ ಅರಿವಿನಿಂದ.

ಲಾಭದ ಮಿತಿಯ ಪ್ರಶ್ನೆಗೆ ಜೈನರ ಹಾಗೆಯೇ ಕಲ್ಯಾಣದ ಶರಣರೂ ಉತ್ತರ ಹುಡುಕಿದ್ದರು. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರುವಂತೆ ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ವಂಚಿಸಿ ತಂದದ್ದಲ್ಲ. ಆದರೂ ನಾಳೆಗೆಂದು ಕೂಡಿಡುವ ಆಸೆ ಅದರ ಜೊತೆಗೆ ಮನೆಗೆ ಬಂತೆಂಬುದು ಅವಳ ಆಕ್ಷೇಪ. ಕಾಯಕದ ಗಳಿಕೆ ದಾಸೋಹಕ್ಕೆ ಹೋಗಬೇಕು ಎಂಬ ಶರಣರ ನಿಲುವು ಜೈನರ ಪರಿಮಾಣ ವ್ರತಕ್ಕಿಂತ ಬಿಗಿಯಾದದ್ದು. ಜೈನ ವರ್ತಕ ಮಿತಿಯನ್ನು ತಾನೇ ಗೊತ್ತುಮಾಡಿಕೊಂಡು ಅದರೊಳಗೆ ಆಸ್ತಿ ಇಟ್ಟುಕೊಳ್ಳಬಹುದು. ಲಕ್ಕಮ್ಮನ ಲೆಕ್ಕದಲ್ಲಿ ಇಂದಿನ ಅಗತ್ಯವೇ ಮಿತಿ. ಬಂಡವಾಳ ಬೇಡುವ ವ್ಯಾಪಾರಕ್ಕೆ ಮೊದಲನೆಯದು ಹೊಂದುತ್ತದೆ, ದಿನಗೂಲಿಯ ಕಾಯಕಕ್ಕೆ ಎರಡನೆಯದು. ಹೀಗಾಗಿ ಒಂದನ್ನು ಇನ್ನೊಂದರ ಅಳತೆಯಿಂದ ಅಳೆಯುವುದು ನ್ಯಾಯವಾಗದು.

ಕೊಣನೂರು

ಕೊಣನೂರು ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರ. ಊರಿನ ಬದಿಯಲ್ಲಿ ಕಾವೇರಿ, ಅದರ ಮೇಲೆ ನಡೆದು ದಾಟುವ ತೂಗುಸೇತುವೆ. ಹತ್ತಿರದ ಕಟ್ಟೇಪುರದಲ್ಲಿ ಹೊಳೆಗೆ ಅಡ್ಡಲಾಗಿ ಕೃಷ್ಣರಾಜ ಕಟ್ಟೆ ಇದೆ. ಅದರ ನಾಲೆಯ ನೀರು ಹರಿಯುವಷ್ಟು ದೂರ ಭತ್ತದ ಗದ್ದೆ, ನೀರು ಹತ್ತದ ಕಡೆ ಬೆದ್ದಲು. ಸುತ್ತಲಿನ ಹಳ್ಳಿಗಳವರು ಗೊಬ್ಬರ, ಬೀಜ, ಬಟ್ಟೆ, ದಿನಸಿಗೆ ಬರುವುದು ಇಲ್ಲಿಗೆ. ಇಂಥ ಊರಿನಲ್ಲಿ ವ್ಯಾಪಾರ ಬಹುಪಾಲು ಉದ್ದರಿಯ ಮೇಲೆ ನಿಂತದ್ದು. ಬಿತ್ತನೆಯಲ್ಲಿ ಕೊಂಡದ್ದಕ್ಕೆ ಸುಗ್ಗಿಯಲ್ಲಿ ದುಡ್ಡು. ಅಂಗಡಿಯವನ ಪುಸ್ತಕದಲ್ಲಿ ಬರೆದದ್ದೇ ಲೆಕ್ಕ; ಕೊಂಡವನ ಬಳಿ ಅದರ ಪ್ರತಿ ಇರುವುದು ಕಡಿಮೆ. ತಕ್ಕಡಿಯಲ್ಲಿ ಮೋಸವಾದರೆ ಇನ್ನೊಂದು ಅಂಗಡಿಯಲ್ಲಿ ತೂಗಿಸಿ ನೋಡಬಹುದು, ಉದ್ದರಿ ಪುಸ್ತಕಕ್ಕೆ ಅಂಥ ಪರೀಕ್ಷೆ ಇಲ್ಲ. ಆದ್ದರಿಂದ ಹಳ್ಳಿಯ ಅಂಗಡಿಯವನ ಧರ್ಮ ಅವನ ಬರವಣಿಗೆಯಲ್ಲಿ ಇರುವಷ್ಟು ತಕ್ಕಡಿಯಲ್ಲೂ ಇಲ್ಲ.

ಹಳೆಯ ಮೈಸೂರು ಸೀಮೆಯ ಕಣದಲ್ಲಿ, ಸಂತೆಯಲ್ಲಿ ವ್ಯವಹಾರಕ್ಕೂ ಭಕ್ತಿಗೂ ಗೆರೆ ತೆಳುವಾಗಿತ್ತು. ರಾಶಿಗೆ ಪೂಜೆಯಾಗದೆ ಕೊಳಗ ಮುಟ್ಟುತ್ತಿರಲಿಲ್ಲ. ಅಳೆಯುವವನು ಒಂದು ಎನ್ನುವ ಬದಲು ಲಾಭ ಎಂದು ಎಣಿಕೆ ಶುರುಮಾಡುತ್ತಿದ್ದ. ಮನೆಗೆ ಸಾಗಿಸುವ ಮುನ್ನವೇ ಕಮ್ಮಾರ, ಬಡಗಿ, ಅಗಸ, ತೋಟಿಗಳ ಆಯ, ಕಣಕ್ಕೆ ಬಂದ ದಾಸಯ್ಯ, ಜಂಗಮರ ಪಾಲು ಅಲ್ಲೇ ಸಲ್ಲುತ್ತಿತ್ತು. ಸಂತೆಯಲ್ಲಿ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಗಿರಾಕಿ ಕದಲುತ್ತಿರಲಿಲ್ಲ. ಇದನ್ನೆಲ್ಲ ಸುವರ್ಣಯುಗವೆಂದು ಹೊಗಳಬೇಕಿಲ್ಲ. ಆಯದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಕೆಳಗಿನವನಿಗೆ ಸಿಗುವುದು ಅವನ ದುಡಿಮೆಗೆ ಎಂದೂ ಸಾಟಿಯಾಗುತ್ತಿರಲಿಲ್ಲ. ಕೊಸರು ಹಾಕುವ ಅಂಗಡಿಯವನೇ ಸವೆದ ಬೊಟ್ಟನ್ನು ಬಳಸುವುದೂ ಇತ್ತು. ಸೇರು, ಪಾವು, ಕೊಳಗಗಳು ಊರಿಂದೂರಿಗೆ ಬೇರೆಯಾಗಿದ್ದದ್ದೇ ಎರಡು ಅಳತೆಯ ಮೋಸಕ್ಕೆ ಆಸರೆ.

ಆ ಆಸರೆಯನ್ನು ತೆಗೆದದ್ದು ಕಾನೂನು. 1956ರ ತೂಕ ಅಳತೆಗಳ ಕಾಯ್ದೆಯ ಬಳಿಕ 1958ರಿಂದ ಹಂತಹಂತವಾಗಿ ಕಿಲೋಗ್ರಾಂ, ಲೀಟರುಗಳು ಬಂದವು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನ ಶಾಸ್ತ್ರ ಕಾಯ್ದೆ. ತಕ್ಕಡಿಗೆ, ಬೊಟ್ಟಿಗೆ ಇಲಾಖೆಯ ಮುದ್ರೆ ಬೀಳಬೇಕು, ಅವಧಿ ಮುಗಿದಮೇಲೆ ಮತ್ತೆ ಪರೀಕ್ಷೆಯಾಗಬೇಕು. ವ್ರತವಾಗಿ ಹುಟ್ಟಿದ ಒಂದು ನಿಯಮ ಸಾವಿರಾರು ವರ್ಷ ಕಳೆದು ಇಲಾಖೆಯ ಮುದ್ರೆಯಾಗಿ ಕೊಣನೂರಿನ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಕೂತಿದೆ. ಇದನ್ನು ಅಧ್ಯಾತ್ಮದ ಸೋಲೆಂದು ನೋಡುವವರಿದ್ದಾರೆ. ಆದರೆ ಬೆಳಗೊಳದ ವರ್ತಕರೂ ತಮ್ಮ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕಲ್ಲಿನಲ್ಲಿ ಕೊರೆಸಿದವರೇ. ಬೇರೆಯವರು ಬಂದು ಪರೀಕ್ಷಿಸಬಹುದಾದ ರೂಪಕ್ಕೆ ತಂದಾಗಲೇ ಮೌಲ್ಯ ವ್ಯಾಪಾರದಲ್ಲಿ ಕೆಲಸ ಮಾಡುತ್ತದೆ ಎಂಬುದು ಅವರಿಗೂ ತಿಳಿದಿತ್ತು.

ರಾಮನಾಥಪುರ

ಕೊಣನೂರಿನಿಂದ ಸ್ವಲ್ಪ ದೂರದಲ್ಲಿ, ಅದೇ ಕಾವೇರಿಯ ದಡದಲ್ಲಿ ರಾಮನಾಥಪುರವಿದೆ. ರಾಮೇಶ್ವರ, ಸುಬ್ರಹ್ಮಣ್ಯ ದೇವಾಲಯಗಳ ಕ್ಷೇತ್ರ. ಮಾರ್ಗಶಿರದ ಚಂಪಾಷಷ್ಠಿಗೆ ಇಲ್ಲಿ ತೇರು. ಹೊಳೆಯ ವಹ್ನಿಪುಷ್ಕರಿಣಿಯ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ. ಭಕ್ತರು ಎಸೆಯುವ ಪುರಿ, ಅಕ್ಕಿಗೆ ಅವು ಹಿಂಡಾಗಿ ಬರುತ್ತವೆ. ಇದೇ ಊರು ಹೊಗೆಸೊಪ್ಪಿನ ದೊಡ್ಡ ಮಾರುಕಟ್ಟೆಯೂ ಹೌದು. ತಂಬಾಕು ಮಂಡಳಿಯ ಹರಾಜು ಕೇಂದ್ರ ಇಲ್ಲಿದೆ. ಕೊಣನೂರು, ರಾಮನಾಥಪುರಗಳ ಸುತ್ತಿನ ರೈತರ ವರ್ಷದ ದುಡ್ಡು ಬಹುಮಟ್ಟಿಗೆ ಈ ಹರಾಜುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ.

ಮೊದಲ ಪ್ರಶ್ನೆಯ ಮಟ್ಟಿಗೆ ಈ ಕಟ್ಟೆಯ ವ್ಯವಸ್ಥೆ ಒಳ್ಳೆಯ ಮಾದರಿ. 1975ರ ಕಾಯ್ದೆಯಂತೆ ತಂಬಾಕು ಮಂಡಳಿ 1976ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಅದಕ್ಕೆ ಮುಂಚೆ ವ್ಯಾಪಾರಿ ಮನೆಬಾಗಿಲಿಗೆ ಬಂದು ಹೇಳಿದ್ದೇ ದರ, ತೂಗಿದ್ದೇ ತೂಕ, ಕೊಟ್ಟಾಗಲೇ ದುಡ್ಡು. ಈಗ ಬೆಳೆಗಾರನಿಗೂ ಸೊಪ್ಪು ಹದ ಮಾಡುವ ಅವನ ಬ್ಯಾರನ್ನಿಗೂ ನೋಂದಣಿಯಿದೆ, ಬೆಳೆಯಬಹುದಾದ ಪ್ರಮಾಣ ಗೊತ್ತಾಗಿದೆ. ಬೇಲುಗಳು ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ, ತೂಕ ಚೀಟಿಯ ಮೇಲೆ ಇರುತ್ತದೆ, ಕಂಪನಿಗಳವರು ಎಲ್ಲರೆದುರು ಬೆಲೆ ಕಟ್ಟುತ್ತಾರೆ. ಈಚಿನ ವರ್ಷಗಳಲ್ಲಿ ಕೂಗಿನ ಜಾಗಕ್ಕೆ ಕೈಯಲ್ಲಿನ ಯಂತ್ರ ಬಂದಿದೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಲನ್ನು ಹಿಂದಕ್ಕೆ ಒಯ್ಯಬಹುದು. ಹಣ ಅವನ ಬ್ಯಾಂಕ್ ಖಾತೆಗೆ ಹೋಗುತ್ತದೆ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಮುಟ್ಟಿ ಬೆಲೆ ಕುದುರಿಸುವ ಪದ್ಧತಿಯ ಪಕ್ಕದಲ್ಲಿಟ್ಟರೆ ಈ ಬಯಲು ಹರಾಜಿನ ಹೆಚ್ಚುಗಾರಿಕೆ ತಿಳಿಯುತ್ತದೆ. ಕೊಳ್ಳುವ ಕಂಪನಿಗಳು ಕೆಲವೇ ಇರುವುದರಿಂದ ದರ ಏರದೆಂಬ ದೂರು ರೈತರಲ್ಲಿದೆ, ಬೆಲೆ ಕುಸಿದಾಗ ಹರಾಜು ನಿಲ್ಲಿಸಿ ಪ್ರತಿಭಟಿಸುವುದೂ ಉಂಟು. ಆದರೂ ತೂಕದಲ್ಲಿ, ಪಾವತಿಯಲ್ಲಿ ಗುಟ್ಟು ಉಳಿದಿಲ್ಲ.

ಮೂರನೆಯ ಪ್ರಶ್ನೆ ಮಾತ್ರ ಇಲ್ಲಿ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ. ತೂಕ ಸರಿ, ಲೆಕ್ಕ ಸರಿ, ಪಾವತಿ ಸರಿ; ಮಾರಿದ ಸರಕು ಸೇದಿದವನ ಶ್ವಾಸಕೋಶವನ್ನು ಕೆಡಿಸುವಂಥದ್ದು. ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್ನುಗಳು ದಿನಗಟ್ಟಲೆ ಸೌದೆ ಉರಿಸುತ್ತವೆ. ಜೈನ ಗ್ರಂಥಗಳು ಶ್ರಾವಕನಿಗೆ ಸಲ್ಲದವೆಂದು ಪಟ್ಟಿ ಮಾಡಿದ ಹದಿನೈದು ಕಠಿನ ಕಸುಬುಗಳಲ್ಲಿ ಬೆಂಕಿಯ ಕುಲುಮೆ ನಡೆಸುವುದು, ಕಾಡು ಕಡಿದು ಮಾರುವುದು, ವಿಷದ ವ್ಯಾಪಾರ ಇವೆ. ಬೌದ್ಧರೂ ಉಪಾಸಕನಿಗೆ ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಎಂಬ ಐದರ ಮಾರಾಟವನ್ನು ನಿಷೇಧಿಸಿದ್ದಾರೆ. ಆ ಪಟ್ಟಿಗಳು ತಯಾರಾದಾಗ ಭಾರತಕ್ಕೆ ಹೊಗೆಸೊಪ್ಪು ಬಂದಿರಲಿಲ್ಲ. ಬಂದಿದ್ದರೆ ಅದು ಹೊರಗುಳಿಯುತ್ತಿತ್ತೆಂದು ವಾದಿಸುವುದು ಕಷ್ಟ.

ಆದರೆ ಈ ಪಟ್ಟಿಯನ್ನು ಬೆಳೆಗಾರನ ಎದುರು ಹಿಡಿದು ತೀರ್ಪು ಕೊಡುವುದೂ ಅಷ್ಟೇ ಕಷ್ಟ. ಮಳೆ ನೆಚ್ಚಿದ ಹಗುರ ಕೆಂಪುಮಣ್ಣಿನಲ್ಲಿ ಹೊಗೆಸೊಪ್ಪಿಗೆ ಸಿಗುವಷ್ಟು ನಿಶ್ಚಿತವಾದ ಮಾರುಕಟ್ಟೆ ರಾಗಿಗಾಗಲಿ ಜೋಳಕ್ಕಾಗಲಿ ಇಲ್ಲ. ಆಲೂಗಡ್ಡೆ, ಶುಂಠಿಗಳ ಬೆಲೆ ಒಂದು ವರ್ಷ ಎತ್ತಿ ಇನ್ನೊಂದು ವರ್ಷ ಮುಳುಗಿಸುತ್ತದೆ. ಬ್ಯಾರನ್ನು ಕಟ್ಟಲು ಮಾಡಿದ ಸಾಲ ಬೆಳೆ ಬದಲಿಸಲು ಬಿಡುವುದಿಲ್ಲ. ಅವನ ಸ್ಥಿತಿ ತುಲಾಧಾರನದಲ್ಲ, ಧರ್ಮವ್ಯಾಧನದು. ತುಲಾಧಾರನಂತೆ ಆರಿಸಿಕೊಳ್ಳುವ ಶಕ್ತಿ ಇರುವವರು ಈ ಸರಪಳಿಯಲ್ಲಿ ಬೇರೆಯಿದ್ದಾರೆ: ಎಲೆಯನ್ನು ಕೊಂಡು ಸಿಗರೇಟು ಮಾಡುವ ಕಂಪನಿಗಳು, ಅದರ ಮೇಲೆ ತೆರಿಗೆ ಎತ್ತುವ ಸರ್ಕಾರ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ತಂಬಾಕು ಬೆಳೆಗಾರರಿಗೆ, ಕೆಲಸಗಾರರಿಗೆ ಬದಲಿ ಜೀವನೋಪಾಯ ಒದಗಿಸುವುದಕ್ಕೆ ಉತ್ತೇಜನ ಕೊಡಬೇಕೆಂದು ಅದರ 17ನೆಯ ವಿಧಿ ಹೇಳುತ್ತದೆ. ಬೆಳೆ ಬಿಡು ಎನ್ನುವುದಕ್ಕೆ ಮೊದಲು ಬಿಡುವ ದಾರಿ ತೋರಿಸು ಎಂಬುದು ಅದರ ಇಂಗಿತ. ಬೇರೆ ಬೆಳೆಗೂ ಇಂಥದೇ ನಂಬಿಕೆಯ ಮಾರುಕಟ್ಟೆ, ಮುಂಗಡ, ಸಕಾಲದ ಪಾವತಿ ದೊರೆಯುವವರೆಗೆ ರೈತನ ಮುಂದೆ ನಿಜವಾದ ಆಯ್ಕೆ ಇದೆಯೆನ್ನಲಾಗದು.

ಮೂರು ಪ್ರಶ್ನೆಗಳ ಇಂದಿನ ಸ್ಥಿತಿಯನ್ನು ಈ ದಾರಿಯ ಉದ್ದಕ್ಕೂ ಹೀಗೆ ಗುರುತಿಸಬಹುದು. ತೂಕದ ಪ್ರಶ್ನೆಯನ್ನು ಧರ್ಮ ಎತ್ತಿತು, ಕಾನೂನು ಕೈಗೆತ್ತಿಕೊಂಡು ಬಹುಮಟ್ಟಿಗೆ ಬಗೆಹರಿಸಿತು. ಕಾನೂನಿನ ಕಣ್ಣು ಮುಟ್ಟದ ಕೊಬ್ಬರಿಯ ಒಳಗಿನಲ್ಲಿ, ಬೀಜದ ಮೂಟೆಯಲ್ಲಿ, ಉದ್ದರಿ ಪುಸ್ತಕದಲ್ಲಿ ಇಂದಿಗೂ ಮಾರುವವನ ವ್ರತವೇ ಗತಿ. ಲಾಭದ ಪ್ರಶ್ನೆಗೆ ದಾನ, ದತ್ತಿ, ದಾಸೋಹಗಳು ಉತ್ತರವಾಗಿ ನಿಂತಿವೆ. ಅವು ಬಾಳಿದ್ದು ಕೊಡುವವನ ಔದಾರ್ಯದ ಜೊತೆಗೆ ಲೆಕ್ಕ, ಸಾಕ್ಷಿ, ಕಟ್ಟಳೆಗಳು ಇದ್ದ ಕಡೆ. ಸರಕಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ವ್ರತ ಒಬ್ಬೊಬ್ಬನನ್ನೇ ಕೇಳುತ್ತದೆ. ಹೊಗೆಸೊಪ್ಪಿನಂಥ ಸರಕು ಹೊಲದಿಂದ ಅಂಗಡಿಯವರೆಗೆ ಹಲವರ ಕೈ ಹಾಯುತ್ತದೆ. ಆಯ್ಕೆಯ ಶಕ್ತಿ ಯಾರಿಗೆ ಎಷ್ಟಿದೆಯೋ ಅವರ ಹೊಣೆಯೂ ಅಷ್ಟು ಎಂಬ ನಿಯಮವನ್ನು ಒಪ್ಪಿದರೆ, ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಕೊಳ್ಳುವ ಕಂಪನಿಯನ್ನು, ತೆರಿಗೆ ಎತ್ತುವ ಸರ್ಕಾರವನ್ನು. ಬೆಳೆಗಾರನ ಸರದಿ ಆಮೇಲಿನದು.